ಕಾದಿದ್ದರೆ ಆರಲು ಬಿಡಿ: ಪ್ರೊಸೆಸರ್ ಬಿಸಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಏಪ್ರಿಲ್ ಬಂತು ಅಂದರೆ ಎಲ್ಲರದೂ ಒಂದೇ ದೂರು. 'ಸಿಸ್ಟಂ ಹೀಟ್ ಆಗ್ತಿದೆ, ಸ್ಲೋ ಆಗಿದೆ, ತಾನೇ ಆಫ್ ಆಗ್ತಿದೆ.' ಹೇಳಿದ್ದನ್ನೇ ಹೇಳಿ ಸಾಕಾಗಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ಸಾಲು ಹೀಗಿತ್ತು: 'ಪ್ರೊಸೆಸರ್ ಕಾದಿದ್ದರೆ ಆರಲು ಬಿಡಿ.' ಪ್ರೊಸೆಸರ್ (ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಒಂದು ಬಿಟ್ಟರೆ ಉಳಿದದ್ದೆಲ್ಲ ಅಚ್ಚಗನ್ನಡ. ಒಳಗೊಳಗೇ ಹೆಮ್ಮೆಪಟ್ಟುಕೊಂಡೆ.

ಮೊದಲು ಓದಿದ ಹುಡುಗ ಕೇಳಿದ, 'ಯಾರಿಗೆ ಕಾದಿದೆ ಅಣ್ಣಾ?' ನಕ್ಕು ಸುಮ್ಮನಾದೆ. ಆಮೇಲೆ ಬಂದವರು ರೇಷ್ಮೆ ಹುಳು ಸಾಕುವವರು. ಮಗಳ ಕಂಪ್ಯೂಟರ್ ತಂದಿದ್ದರು. ಅವರು ತಮಾಷೆ ಮಾಡಲಿಲ್ಲ. 'ಆರಲು ಬಿಡಿ ಅಂದ್ರೆ ಅದೇ ಆಫ್ ಆಗೋ ತನಕ ಬಿಡಬೇಕಾ? ಇಲ್ಲಾ, ನೀರು ಗೀರು ಬಿದ್ದಿದ್ರೆ ಒಣಗಿಸೋದಾ?'

ಅವರು ಕೇಳಿದ್ದು ಸರಿಯೇ. ದೀಪ ಆರುತ್ತೆ, ಬಟ್ಟೆ ಆರುತ್ತೆ, ಕಾಫಿ ಆರುತ್ತೆ, ಗಾಯವೂ ಆರುತ್ತೆ. ನಾನು ಕಾಫಿ ಆರುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೆ. ಅವರು ದೀಪವನ್ನೂ ಬಟ್ಟೆಯನ್ನೂ ಓದಿಕೊಂಡರು.

ಆ ಕಂಪ್ಯೂಟರ್ ಬಿಚ್ಚಿದಾಗ ಇನ್ನೂ ತಮಾಷೆ ಆಯಿತು. ಫ್ಯಾನ್ ತೆಗೆದರೆ ಅದರ ಅಡಿಯಲ್ಲಿ ಹೀಟ್ ಸಿಂಕ್, ಅಂದರೆ ಪ್ರೊಸೆಸರ್ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತಗಡುಗಳ ಕಟ್ಟು, ಕಾಣಲೇ ಇಲ್ಲ. ತಗಡುಗಳ ಸಂದಿ ತುಂಬ ಧೂಳು ಕಂಬಳಿ ಹಾಗೆ ಗಟ್ಟಿಯಾಗಿ ಕೂತಿತ್ತು. ಉಗುರಲ್ಲಿ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು. ಹೀಟ್ ಸಿಂಕ್ ಬಿಚ್ಚಿದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಹಳೇ ಗೋಡೆಯ ಸುಣ್ಣದ ಹಾಗೆ ಪುಡಿ ಪುಡಿ. ಅಂದರೆ, ಪೇಸ್ಟ್ ಆರಿತ್ತು, ಅದಕ್ಕೇ ಪ್ರೊಸೆಸರ್ ಆರುತ್ತಿರಲಿಲ್ಲ, ಅದಕ್ಕೇ ಕಂಪ್ಯೂಟರ್ ತಾನೇ ಆರುತ್ತಿತ್ತು. ಮೂರೂ 'ಆರು' ಒಂದೇ ಡಬ್ಬಿಯಲ್ಲಿ ಸಿಕ್ಕವು!

ಪೇಸ್ಟ್ ಯಾಕೆ ಬೇಕು ಅಂತ ಗೋಡೆಯ ಹಾಳೆಯಲ್ಲಿ ಬರೆದಿರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ, ಪದಕ್ಕೂ ಇದು ಬೇಕಾಗುತ್ತೆ. ಪ್ರೊಸೆಸರ್ ಮೇಲಿನ ಲೋಹವೂ ಹೀಟ್ ಸಿಂಕ್ ತಳವೂ ನೋಡಲು ನುಣ್ಣಗಿದ್ದರೂ ಒಂದರ ಮೇಲೊಂದು ಇಟ್ಟಾಗ ನಡುವೆ ಕಣ್ಣಿಗೆ ಕಾಣದ ಸಂದಿಗಳು ಉಳಿಯುತ್ತವೆ. ಅಲ್ಲಿ ಗಾಳಿ ಕೂರುತ್ತೆ. ಶಾಖ ದಾಟಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಹಿಂದೆ. ಪೇಸ್ಟ್ ಆ ಗಾಳಿಯನ್ನು ಓಡಿಸಿ ಸಂದಿ ತುಂಬುತ್ತೆ. ಒಂದು ಬಟಾಣಿ ಕಾಳಿನಷ್ಟು ಸಾಕು. ಬೆಣ್ಣೆ ಬಳಿದ ಹಾಗೆ ಜಾಸ್ತಿ ಬಳಿದರೆ ಲಾಭ ಇಲ್ಲ, ಸುತ್ತ ಚೆಲ್ಲುತ್ತೆ ಅಷ್ಟೇ. (ಹಿಂದೆ ಒಂದು ಅಂಗಡಿಯಲ್ಲಿ ನನಗೇ ಕೂರಿಸಿಕೊಟ್ಟ ಹೊಸ ಹೀಟ್ ಸಿಂಕ್ ಅಡಿಯ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಬಿಟ್ಟಿದ್ದರು. ಆ ಕೋಪಕ್ಕೇ ನಾನು ಈ ಕೆಲಸ ಕಲಿತದ್ದು.) ಧೂಳು ತೆಗೆದು ಹೊಸ ಪೇಸ್ಟ್ ಹಾಕಿದ ಮೇಲೆ, ಅದೇ ವಿಡಿಯೋ ಕೆಲಸ ಕೊಟ್ಟಾಗ 97 ಡಿಗ್ರಿ ತೋರಿಸುತ್ತಿದ್ದದ್ದು 71ಕ್ಕೆ ಇಳಿಯಿತು.

ಈಗ 'ಕಾಯು'. ನೀರು ಕಾಯುತ್ತೆ, ಹೆಂಚು ಕಾಯುತ್ತೆ, ಬಸ್ಸಿಗೂ ಕಾಯುತ್ತೇವೆ, ತೋಟವನ್ನೂ ಕಾಯುತ್ತೇವೆ. ಇದು ಮೂಲದಲ್ಲೇ ಒಂದು ಪದವೋ, ಬೇರೆ ಬೇರೆ ಪದಗಳು ಸವೆದು ಒಂದೇ ರೂಪಕ್ಕೆ ಬಂದವೋ? ನಮ್ಮ ಕಡೆ ಮನೆಮಾತು ತೆಲುಗು ಇರುವವರು ಜಾಸ್ತಿ. ಅವರು ನೀರು ಕಾಯುವುದಕ್ಕೆ 'ಕಾಗು' ಅಂತಾರೆ, ಕಾವಲು ಇರುವುದಕ್ಕೆ 'ಕಾಚು' ಅಂತಾರೆ. ಅದನ್ನು ಕೇಳಿದರೆ ಎರಡು ಬೇರೆ ಅನ್ನಿಸುತ್ತೆ. ಹಳಗನ್ನಡ ಓದಿದವರು ಹೇಳಬೇಕು.

ಹಾಗಾದರೆ 'ಕಾವು' ಅನ್ನೋಣವೇ? 'ಪ್ರೊಸೆಸರ್ ಕಾವು 85 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ' ಅಂತ ಬರೆದು ಮನೆಯಲ್ಲಿ ತೋರಿಸಿದೆ. ಅಮ್ಮ, 'ಕಾವು ಅಂದ್ರೆ ಬೇಕಾದ್ದೇ ಅಲ್ವಾ?' ಅಂದರು. ಕೋಳಿ ಕಾವಿಗೆ ಕೂರುತ್ತೆ. ಕಾವು ಸಾಲದಿದ್ದರೆ ಮರಿ ಆಗಲ್ಲ. ಅವರ ಕಿವಿಗೆ ಕಾವು ಅಂದರೆ ಹಿತವಾದ ಬಿಸಿ. 'ಉಷ್ಣ' ಅಂದರೆ ಪರಂಗಿ ಹಣ್ಣು ತಿಂದದ್ದು ಜಾಸ್ತಿ ಆಯಿತು, ಮಜ್ಜಿಗೆ ಕುಡಿ ಅಂತ. 'ಉಷ್ಣಾಂಶ' ಒಂದೇ ಇದ್ದದ್ದರಲ್ಲಿ ಗಟ್ಟಿ. ಹುಳು ಮನೆಯನ್ನು 25 ಡಿಗ್ರಿ ಆಸುಪಾಸಿನಲ್ಲಿ ಇಡಲು ಗೋಣಿ ನೆನೆಸಿ ನೇತುಹಾಕುವವರಿಗೆ ಆ ಪದ ಚೆನ್ನಾಗಿ ಗೊತ್ತು. ಅಳತೆಗೆ ಅದನ್ನೇ ಇಟ್ಟುಕೊಂಡಿದ್ದೇನೆ.

ನನ್ನ ನಿಜವಾದ ತಲೆನೋವು ಥರ್ಮಲ್ ಥ್ರಾಟ್ಲಿಂಗ್.

ಪ್ರೊಸೆಸರ್ ತನ್ನ ಮಿತಿ ಮುಟ್ಟಿದ ತಕ್ಷಣ ಸುಟ್ಟುಹೋಗಲ್ಲ. ಇಂಟೆಲ್‌ನ ಎಷ್ಟೋ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ. ಎಎಂಡಿಯ ರೈಜನ್ 7700ಎಕ್ಸ್‌ಗೆ 95. ಅಲ್ಲಿಗೆ ಬಂದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತೆ. ಇದೇ ಥರ್ಮಲ್ ಥ್ರಾಟ್ಲಿಂಗ್. ಅದಕ್ಕೂ ಬಗ್ಗದೆ ಬಿಸಿ ಏರುತ್ತಲೇ ಹೋದರೆ ಆಫ್. 'ಸ್ಲೋ ಆಗಿದೆ' ಅನ್ನುವ ದೂರಿನಲ್ಲಿ ಅರ್ಧ ಇದೇ ಇರುತ್ತೆ. ಆದರೆ 'ಥ್ರಾಟಲ್ ಆಗ್ತಿದೆ' ಅಂದಾಗ ಪಕ್ಕದ ಬೈಕ್ ಗ್ಯಾರೇಜಿನವನು, 'ಒಳ್ಳೇದೇ ಅಲ್ವಾ, ಜೋರಾಗಿ ಓಡುತ್ತೆ' ಅಂದ. ಅವನಿಗೆ ಥ್ರಾಟಲ್ ಅಂದರೆ ರೇಸ್ ಕೊಡುವುದು. ಇಂಗ್ಲಿಷಿನಲ್ಲಿ ಅದು ಗಂಟಲಿನಿಂದ ಬಂದ ಪದ, ಕತ್ತು ಹಿಸುಕುವುದು ಅಂತ. ಹಾಗೇ ಕನ್ನಡಕ್ಕೆ ತಂದರೆ ಪೊಲೀಸ್ ಕೇಸ್ ಆಗುತ್ತೆ.

'ಉಷ್ಣಪ್ರೇರಿತ ವೇಗನಿಯಂತ್ರಣ' ಅಂತ ಯಾರೂ ದಯವಿಟ್ಟು ಬರೆದು ಕಳಿಸಬೇಡಿ. ನಾನೂ ಒಂದು ಸಲ ಬರೆದು ಹರಿದು ಹಾಕಿದ್ದೇನೆ.

ಹುಳು ಸಾಕುವವರೇ ಒಂದು ಪದ ಕೊಟ್ಟರು: 'ಬಾಡು'. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಮಧ್ಯಾಹ್ನ ಬಾಡುತ್ತೆ, ಬಿಸಿಲು ಇಳಿದ ಮೇಲೆ ಮತ್ತೆ ನಿಲ್ಲುತ್ತೆ. ಪ್ರೊಸೆಸರ್ ಮಾಡುವುದೂ ಅದೇ ಅಲ್ವಾ ಅಂದರು. ಕೇಳಲು ಚೆನ್ನಾಗಿದೆ. ಆದರೆ ಬಾಡುವುದು ಬಿಸಿಲು ಮಾಡಿದ್ದು, ಇದು ಪ್ರೊಸೆಸರ್ ತಾನಾಗಿ ಮಾಡಿಕೊಂಡದ್ದು. ಜೊತೆಗೆ ನಮ್ಮ ಕಡೆ ಬಾಡು ಅಂದರೆ ಭಾನುವಾರದ ಊಟ.

ನನ್ನ ಒಲವು 'ತಗ್ಗು' ಕಡೆಗೆ. 'ಬಿಸಿಗೆ ತಗ್ಗಿದೆ.' ತಗ್ಗುವುದರಲ್ಲಿ ಒಂದು ಬುದ್ಧಿವಂತಿಕೆ ಇದೆ. ಪರಿಸ್ಥಿತಿ ನೋಡಿ ತಾನೇ ಇಳಿದುಕೊಂಡ ಹಾಗೆ. ಹಳ್ಳಕ್ಕೂ ತಗ್ಗು ಅಂತಾರೆ, ಗೊತ್ತು. ಆದರೆ ವಾಕ್ಯದಲ್ಲಿ ಕ್ರಿಯಾಪದವಾಗಿ ಬಂದಾಗ ಯಾರೂ ಎಡವಲ್ಲ ಅನ್ನಿಸುತ್ತೆ.

ಧಾರವಾಡ, ಮಂಗಳೂರು ಕಡೆಯವರು ಇದನ್ನು ಓದಿದಾಗ ಹೇಗೆ ಕೇಳಿಸುತ್ತೆ? ಎತ್ತು ಬಿಸಿಲಿಗೆ ನಡಿಗೆ ನಿಧಾನ ಮಾಡುವುದಕ್ಕೆ ನಿಮ್ಮಲ್ಲಿ ಬೇರೆ ಮಾತು ಇದ್ದರೆ ಅದನ್ನೂ ತಿಳಿಸಿ. ಸದ್ಯಕ್ಕೆ ಗೋಡೆಯ ಹಾಳೆಯ ಮೊದಲ ಸಾಲಿನ ಮೇಲೆ ಬಿಳಿ ಪಟ್ಟಿ ಅಂಟಿಸಿದ್ದೇನೆ. ಅದರ ಮೇಲೆ 'ಹೀಟ್ ಆದ್ರೆ ಸ್ವಲ್ಪ ಹೊತ್ತು ಆಫ್ ಮಾಡಿ' ಅಂತ ಇದೆ. ಅದನ್ನು ಓದಿ ಇದುವರೆಗೂ ಯಾರೂ ಪ್ರಶ್ನೆ ಕೇಳಿಲ್ಲ.