ಹಾಲ್‌ನಲ್ಲಿಟ್ಟ ಡ್ರ್ಯಾಗನ್ ಫ್ರೂಟ್ ಪೆನ್ಸಿಲ್‌ನಷ್ಟು ಸಣ್ಣಗಾಗಿದೆ, ಏನು ಮಾಡಲಿ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ):
ಸರ್, ನಮಸ್ಕಾರ. ನಮ್ಮ ಮನೆ ನಂದಿ ಬೆಟ್ಟದ ತಪ್ಪಲಲ್ಲಿದೆ. ಹೋದ ದೀಪಾವಳಿ ಹೊತ್ತಿಗೆ ಡ್ರ್ಯಾಗನ್ ಫ್ರೂಟಿನ ಎರಡು ತುಂಡು ಎರಡು ಕುಂಡಕ್ಕೆ ಹಾಕಿದ್ದೆ. ಡಿಸೆಂಬರ್‌ನಲ್ಲಿ ಮಂಜು ಜಾಸ್ತಿ ಅಂತ ಹೆದರಿ ಹಾಲ್‌ಗೆ ತಂದಿಟ್ಟೆ, ಆಮೇಲೆ ಹೊರಗೆ ಇಡಲೇ ಇಲ್ಲ. ಈಗ ಒಂದು ಗಿಡ ಮೂರಡಿ ಬೆಳೆದಿದೆ, ಆದರೆ ಹೊಸ ಕಾಂಡ ಪೆನ್ಸಿಲ್‌ನಷ್ಟು ಸಣ್ಣ, ಬಣ್ಣವೂ ಪೇಲವ. ಇನ್ನೊಂದರ ಬುಡ ಹಳದಿಯಾಗಿ ಮೆತ್ತಗಾಗಿದೆ. ದಿನಾ ಒಂದು ಚೊಂಬು ನೀರು ಹಾಕುತ್ತೇನೆ. ಎಡಿನ್‌ಬರೊದಲ್ಲಿರುವ ಮಗಳು ತಾನೂ ಬೆಳೆಸಬೇಕು ಅಂತಿದ್ದಾಳೆ. ಇಲ್ಲೇ ಹೀಗಾದರೆ ಆ ಚಳಿಯಲ್ಲಿ ಬದುಕುತ್ತದಾ?

ಉತ್ತರ (ನರ್ಸರಿ ನಡೆಸುವವರು, ತುಮಕೂರು):
ಅಮ್ಮಾ, ನಿಮ್ಮ ಗಿಡ ಚಳಿಗೆ ಸೊರಗಿಲ್ಲ, ಬೆಳಕಿಲ್ಲದೆ ಸೊರಗಿದೆ. ಚಿಕ್ಕಬಳ್ಳಾಪುರದ ಚಳಿಗಾಲದಲ್ಲಿ ಮುಂಜಾನೆ 12–14 ಡಿಗ್ರಿಗೆ ಇಳಿದರೂ ಇದಕ್ಕೆ ಅಪಾಯವಿಲ್ಲ, ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಹೆದರಬೇಕಾದ್ದು ನಾಲ್ಕೈದು ಡಿಗ್ರಿಗಿಂತ ಕೆಳಗೆ ಹೋದಾಗ. ಹೆಪ್ಪುಗಟ್ಟುವ ಚಳಿ ಬಿದ್ದರೆ ಕಾಂಡದೊಳಗಿನ ನೀರು ಮಂಜುಗಡ್ಡೆಯಾಗಿ ಗಿಡ ಕೊಳೆತುಹೋಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಆ ಪ್ರಸಂಗವೇ ಇಲ್ಲ.

ಇದು ಕಳ್ಳಿ ಜಾತಿ. ಮನೆಮನೆಯಲ್ಲೂ ರಾತ್ರಿ ಅರಳುವ, ನಾವು ಬ್ರಹ್ಮಕಮಲ ಅಂತ ಕರೆಯುವ ಗಿಡಕ್ಕೆ ಹತ್ತಿರದ ನೆಂಟ. ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡು. ಅಲ್ಲಿ ಮರ ಹಿಡಿದು ಬೆಳಕಿನ ಕಡೆಗೆ ಹತ್ತುತ್ತದೆ. ಬೆಳಕು ಸಾಲದಿದ್ದರೆ ಇನ್ನೂ ಮೇಲೆ ಸಿಕ್ಕೀತು ಅಂತ ಉದ್ದಕ್ಕೆ ಓಡುತ್ತದೆ, ದಪ್ಪವಾಗುವುದಿಲ್ಲ. ನಿಮ್ಮ ಹಾಲ್‌ನಲ್ಲಿ ಆದದ್ದು ಅದೇ. ಹಾಗೆ ಸಣ್ಣಗೆ ಬಂದ ಭಾಗ ಮುಂದೆ ಬಿಸಿಲಿಗಿಟ್ಟರೂ ದಪ್ಪವಾಗದು. ಹಳೆಯ ಗಟ್ಟಿ ಕಾಂಡದವರೆಗೆ ಕತ್ತರಿಸಿಬಿಡಿ, ಮುಳ್ಳಿನ ಗಂಟುಗಳಿಂದ ಹೊಸ ಕುಡಿ ಬರುತ್ತದೆ. ಮೂರಡಿ ಕತ್ತರಿಸುವುದಕ್ಕೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಅದರ ಮೇಲೆ ಹಣ್ಣಿನ ಭಾರ ನಿಲ್ಲುವುದಿಲ್ಲ.

ಹೊರಗಿಡುವಾಗ ಅವಸರ ಬೇಡ. ಒಳಗೆ ಬೆಳೆದ ಗಿಡವನ್ನು ಒಂದೇ ದಿನ ತಾರಸಿ ಬಿಸಿಲಿಗೆ ಇಟ್ಟರೆ ಬಿಳಿಚಿಕೊಂಡು ಸುಡುತ್ತದೆ. ಮೊದಲ ವಾರ ಹತ್ತು ಗಂಟೆವರೆಗಿನ ಎಳೆ ಬಿಸಿಲು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಬುಡ ಮೆತ್ತಗಾಗಿರುವುದಕ್ಕೆ ಕಾರಣ ಆ ದಿನದ ಚೊಂಬು. ಈ ಗಿಡ ಹಗಲು ಕಾಂಡದ ಮೇಲಿನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಮಾತ್ರ ತೆರೆದು ಗಾಳಿ ಒಳಗೆಳೆಯುತ್ತದೆ, ಹಾಗಾಗಿ ನೀರು ತುಂಬಾ ಕಡಿಮೆ ಖರ್ಚು. ನೆರಳು, ಚಳಿ, ಮೇಲೆ ದಿನಾ ನೀರು ಅಂದರೆ ಬೇರು ಒದ್ದೆಯಲ್ಲೇ ಕೂತು ಕೊಳೆಯುತ್ತದೆ. ನರ್ಸರಿ ಶುರು ಮಾಡಿದ ವರ್ಷ ಡಿಸೆಂಬರ್ ಮೋಡದಲ್ಲಿ ಎಂದಿನಂತೆ ನೀರು ಬಿಟ್ಟು ಒಂದು ಸಾಲು ಪೂರ್ತಿ ಕಳೆದುಕೊಂಡೆ. ಆಗಿನಿಂದ ಎರಡು ಇಂಚು ಆಳಕ್ಕೆ ಬೆರಳಿಟ್ಟು, ಒಣಗಿದೆ ಅಂತ ಗೊತ್ತಾದ ಮೇಲೇ ನೀರು. ಚಳಿಗಾಲದಲ್ಲಿ ಕುಂಡಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕಾಗಬಹುದು. ಮಣ್ಣೂ ಬಸಿಯುವಂತಿರಲಿ. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ.

ಇನ್ನು ಮಗಳ ವಿಷಯ. ಎಡಿನ್‌ಬರೊದಲ್ಲಿ ಗಿಡ ಒಳಗೇ ಇರಬೇಕು, ಬೇರೆ ದಾರಿಯಿಲ್ಲ. ಆದರೆ ಅಲ್ಲೂ ಚಳಿಗಿಂತ ದೊಡ್ಡ ಕಷ್ಟ ಬೆಳಕಿನದೇ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಸುಮಾರು 7 ಗಂಟೆ ಮಾತ್ರ, ನಮ್ಮಲ್ಲಿ ಅದೇ ದಿನ 11 ಗಂಟೆ ದಾಟುತ್ತದೆ. ಮನೆ ಬೆಚ್ಚಗಿದೆ ಅಂತ ನೀರು ಹಾಕುತ್ತಾ ಹೋದರೆ ನಿಮ್ಮ ಹಾಲ್‌ನ ಕಥೆಯೇ ಅಲ್ಲೂ ಆಗುತ್ತದೆ. ಎರಡರಲ್ಲಿ ಒಂದು ಮಾಡಲಿ. ಒಂದೋ, ಚಳಿಗಾಲದಲ್ಲಿ 10–15 ಡಿಗ್ರಿ ಇರುವ ತಂಪು ಕೋಣೆಯಲ್ಲಿ, ದಕ್ಷಿಣದ ಕಿಟಕಿ ಪಕ್ಕ, ನೀರು ಬಹುತೇಕ ನಿಲ್ಲಿಸಿ ಮಲಗಿಸಲಿ. ಇಲ್ಲವೇ, ಬೆಚ್ಚಗಿಟ್ಟು ಗಿಡಕ್ಕೆಂದೇ ಬರುವ ಎಲ್‌ಇಡಿ ದೀಪವನ್ನು ದಿನಕ್ಕೆ 12–14 ಗಂಟೆ ಉರಿಸಲಿ. ಬೆಳಕಿಲ್ಲದ ಬೆಚ್ಚಗೆ ಮಾತ್ರ ಬೇಡ. ಹೀಟರ್ ಪಕ್ಕ ಇಡುವುದೂ ಬೇಡ, ರಾತ್ರಿ ತಣ್ಣಗಿನ ಗಾಜಿಗೆ ಕಾಂಡ ತಾಗುವುದೂ ಬೇಡ.

ಅಲ್ಲಿಗೊಂದು ಅನುಕೂಲವೂ ಇದೆ. ಈ ಗಿಡ ಹಗಲು ಉದ್ದವಾದಾಗ ಹೂ ಬಿಡುತ್ತದೆ. ನಮ್ಮಲ್ಲಿ ಮೇ–ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಹೂ ಬರುವುದು ಅದಕ್ಕೇ. ವಿಯೆಟ್ನಾಂ ರೈತರು ಅಕಾಲದಲ್ಲಿ ಹೂ ಬರಿಸಲು ರಾತ್ರಿ ತೋಟಕ್ಕೆ ಬಲ್ಬು ಉರಿಸುವುದೂ ಅದಕ್ಕೇ. ಎಡಿನ್‌ಬರೊದ ಜೂನ್ ಹಗಲು 17 ಗಂಟೆಗೂ ಹೆಚ್ಚು. ಕಾಂಡ ಬಲಿತು, ಕಂಬದ ತುದಿ ದಾಟಿ ಇಳಿಬೀಳುವಷ್ಟು ದೊಡ್ಡದಾದರೆ ಹೂವಿನ ಆಸೆ ಇಟ್ಟುಕೊಳ್ಳಬಹುದು. ಅದಕ್ಕೆ ವರ್ಷಗಳು ಬೇಕು, ದೊಡ್ಡ ಕುಂಡ ಬೇಕು. ಮೊದಲೇ ಹೇಳಿಬಿಡಿ, ನಿರಾಸೆಯಾಗಬಾರದು.

ಪ್ರಶ್ನೆ (ಶಿಡ್ಲಘಟ್ಟದಿಂದ):
ನಮ್ಮ ಹುಳು ಸಾಕುವ ಮನೆ ಒಂದು ವರ್ಷದಿಂದ ಖಾಲಿ ಇದೆ. ಅದರೊಳಗೆ ಕುಂಡದಲ್ಲಿ ಬೆಳೆಸಬಹುದಾ?

ಉತ್ತರ:
ಬೇಡಿ. ರೇಷ್ಮೆ ಹುಳುವಿಗೆ 25 ಡಿಗ್ರಿ ಆಸುಪಾಸಿನ ಶಾಖ, ತೇವ, ಮಬ್ಬು ಬೆಳಕು ಹಿತ. ಆ ಶಾಖ ಈ ಗಿಡಕ್ಕೂ ಒಪ್ಪುತ್ತದೆ, ಮಬ್ಬು ಒಪ್ಪುವುದಿಲ್ಲ. ಮನೆಯ ಹೊರಗೋಡೆ ಪಕ್ಕ, ದ್ರಾಕ್ಷಿ ಚಪ್ಪರದ ಹಳೇ ಕಲ್ಲುಕಂಬ ಇದ್ದರೆ ಅದಕ್ಕೇ ಹಬ್ಬಿಸಿ. ಪಕ್ಕದಲ್ಲಿ ಯಾರದಾದರೂ ಹಿಪ್ಪುನೇರಳೆ ತೋಟ ಇದ್ದರೆ ದಯವಿಟ್ಟು ಕೀಟನಾಶಕ ಹೊಡೆಯಬೇಡಿ. ಗಾಳಿಗೆ ಸೊಪ್ಪಿನ ಮೇಲೆ ಕೂತರೆ ಅವರ ಹುಳುವೆಲ್ಲ ಹೋಗುತ್ತದೆ.

ಪ್ರಶ್ನೆ (ಕೋಲಾರದಿಂದ):
ತಿಂದ ಹಣ್ಣಿನ ಬೀಜ ಹಾಕಿದರೆ ಆಗುತ್ತದಾ? ಮನೆಯೊಳಗೆ ಹೂ ಬಿಟ್ಟರೆ ಕಾಯಿ ಕಟ್ಟುವುದು ಹೇಗೆ?

ಉತ್ತರ:
ಬೀಜ ಸುಲಭವಾಗಿ ಮೊಳೆಯುತ್ತದೆ, ಮಕ್ಕಳಿಗೆ ತೋರಿಸಲು ಚೆಂದ. ಹಣ್ಣಿಗೆ ನಾಲ್ಕೈದು ವರ್ಷವೋ ಇನ್ನೂ ಹೆಚ್ಚೋ ಕಾಯಬೇಕು. ಬಲಿತ ತುಂಡು ನೆಟ್ಟು ಹೊರಗೆ ಬೆಳೆಸಿದರೆ ಎರಡನೇ ವರ್ಷಕ್ಕೇ ಹಣ್ಣು ನೋಡಬಹುದು. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಪ್ರಯೋಗ ಕೇಂದ್ರವಿದೆ, ಡ್ರ್ಯಾಗನ್ ಫ್ರೂಟಿನ ಮೇಲೇ ಕೆಲಸ ನಡೆಯುತ್ತದೆ. ಒಮ್ಮೆ ಹೋಗಿ ಬನ್ನಿ, ಕಣ್ಣಾರೆ ನೋಡಿದರೆ ಅರ್ಧ ಅನುಮಾನ ಹೋಗುತ್ತದೆ.

ಹೂ ಒಂದೇ ರಾತ್ರಿಯದು, ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಒಳಗೆ ಪತಂಗವೂ ಇಲ್ಲ, ಬಾವಲಿಯೂ ಇಲ್ಲ, ನೀವೇ ಎದ್ದಿರಬೇಕು. ಮೆತ್ತನೆ ಬ್ರಷ್‌ನಿಂದ ಪರಾಗ ತೆಗೆದು ಹೂವಿನ ನಡುವಿನ ಶಲಾಕೆಯ (ಹೆಣ್ಣು ಭಾಗದ ದಂಟಿನ) ತುದಿಗೆ ಸವರಿ. ಕೆಲವು ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ತಳಿಯ ಹೂವಿಂದ ತರಬೇಕು. ಕೊಳ್ಳುವಾಗಲೇ ಕೇಳಿಕೊಳ್ಳಿ. ಕಾಯಿ ಕಟ್ಟಿದರೆ ಸುಮಾರು 30–35 ದಿನಕ್ಕೆ ಹಣ್ಣು.

ಮತ್ತೆ ಚಿಕ್ಕಬಳ್ಳಾಪುರದಿಂದ:
ಸರ್, ಸಣ್ಣ ಕಾಂಡ ಕತ್ತರಿಸಿದೆ. ಕೊಳೆತದ್ದನ್ನು ಕಿತ್ತು ನೋಡಿದರೆ ಬೇರೇ ಇಲ್ಲ. ಬುಡದಿಂದ ಮೂರು ಇಂಚು ಕಂದು, ಮೇಲಿನ ಒಂದಡಿ ಗಟ್ಟಿಯಾಗಿದೆ. ಎಸೆಯಲಾ?

ಉತ್ತರ:
ಎಸೆಯಬೇಡಿ! ಆ ಒಂದಡಿ ಸಾಕು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಳಗೆ ಕಂದು ಚುಕ್ಕೆಯೂ ಕಾಣದ ಹಸಿರು ಬರುವವರೆಗೆ ಕತ್ತರಿಸುತ್ತಾ ಬನ್ನಿ, ಪ್ರತಿ ಸಲ ಒರೆಸಿ. ಗಾಯವನ್ನು ನೆರಳಲ್ಲಿ ಒಂದು ವಾರ ಒಣಗಲು ಬಿಡಿ. ಬುಡ ಯಾವುದು, ತುದಿ ಯಾವುದು ಅಂತ ಈಗಲೇ ಗುರುತು ಹಾಕಿಡಿ, ತಲೆಕೆಳಗಾಗಬಾರದು. ಹೊಸ ಮಣ್ಣಲ್ಲಿ ಎರಡು ಇಂಚು ಆಳಕ್ಕೆ ನೆಟ್ಟು ಕೋಲಿಗೆ ಕಟ್ಟಿ. ಮೊದಲ ವಾರ ನೀರೇ ಬೇಡ. ತಿಂಗಳ ನಂತರ ಮೆಲ್ಲಗೆ ಅಲುಗಿಸಿ ನೋಡಿ, ಹಿಡಿದುಕೊಂಡಿದ್ದರೆ ಫೋಟೋ ಹಾಕಿ.