ಶುಂಠಿ ಬಿಯರ್ ಲೋಳಿ ಲೋಳಿ ಆಗ್ಲಾಕತ್ತದ, ಸಹಾಯ ಬೇಕು

ಕಲಬುರಗಿ ಬ್ಯಾಸಗಿ, ಅಡಗಿಮನಿ 38–39 ಡಿಗ್ರಿ. 2 ಲೀಟರ್ ನೀರಿಗೆ 200 ಗ್ರಾಂ ಸಕ್ಕರಿ, 60 ಗ್ರಾಂ ತುರಿದ ಹಸಿಶುಂಠಿ ಹಾಕಿ ಕುದಿಸಿ, ಪೂರಾ ಆರಿದ ಮ್ಯಾಲ ಸೋಸಿ, 100 ಮಿಲಿ ಶುಂಠಿ ಸ್ಟಾರ್ಟರ್ (ಶುಂಠಿ, ಸಕ್ಕರಿ, ನೀರು ಕೂಡಿಸಿ ಹುದುಗಿಸಿಟ್ಟ ಹೆಪ್ಪು) ಬೆರಸ್ತೀನಿ. ನಿಂಬಿ ರಸ ಕಡೀಕ, ಬಾಟ್ಲಿ ತುಂಬೂ ಮುಂದ.

ಗ್ಯಾಸಿಗೇನ್ ಕಮ್ಮಿ ಇಲ್ಲ, ಪ್ಲಾಸ್ಟಿಕ್ ಬಾಟ್ಲಿ ಒಂದ್ ರಾತ್ರಿನಾಗ ಬಿಗೀತದ. ಆದ್ರ ಗ್ಲಾಸಿಗೆ ಸುರುವಿದ್ರ ಬೆಂಡಿಕಾಯಿ ಲೋಳಿ ಹಂಗ ಎಳಿ ಎಳಿ. ಹುಳಿ ವಾಸನಿ ಇಲ್ಲ, ಬೂಷ್ಟು ಇಲ್ಲ, ಸಿಹಿ ಇನ್ನೂ ಭಾಳ. ಹೈಡ್ರೋಮೀಟರ್ (ದ್ರವದ ಸಾಂದ್ರತಿ ಅಳಿಯೂದು, ಸಕ್ಕರಿ ಕಮ್ಮಿ ಆದಂಗ ಅಂಕಿ ಇಳೀತದ) 1.038ರಿಂದ 1.031ಕ್ಕ ಇಳದದ, ಇದು 20 ಡಿಗ್ರಿಗೆ ಹೊಂದಿಸಿದ ಮೀಟರ್, ಬಿಸಿಗೆ 0.005 ಕೂಡಿಸೇ ಬರದೀನಿ.

ಜರಡಿ, ಪಾತ್ರಿ ಕುದಿನೀರಿನ್ಯಾಗ ತೊಳದಾಯ್ತು, ಬಾಟ್ಲಿ ಹೊಸವು. ಹಸಿ ಗೋಣಿಚೀಲ ಸುತ್ತಿ ಫ್ಯಾನಿನ ಕೆಳಗ ಇಟ್ರ 31ಕ್ಕ ಬರ್ತದ, ಆದ್ರೂ ಲೋಳಿ ಹೋಗ್ಲಿಲ್ಲ. ಸ್ಟಾರ್ಟರಿನ್ಯಾಗ ಚಮಚ ಎತ್ತಿದ್ರೂ ಸಣ್ಣ ಎಳಿ ಕಾಣ್ತದ. ಅಂದ್ರ ಸಕ್ಕರಿ ತಿಂದು ಲೋಳಿ ಮಾಡೂ ಬ್ಯಾಕ್ಟೀರಿಯಾ ಅಲ್ಲೇ ಕೂತಾವ ಅಂತ ನನ್ ಅನುಮಾನ. ಬೆಲ್ಲ ಹಾಕ್ರಿ ಅಂತಾರ, ಅದೂ ಬಹುತೇಕ ಸುಕ್ರೋಸೇ (ಸಕ್ಕರಿನ್ಯಾಗ ಇರೂದೂ ಇದೇ), ಏನ್ ಫರಕ್?

ತಿಳದವ್ರು ಇಷ್ಟ ಹೇಳ್ರಿ: ನಿಂಬಿ ಮೊದಲ ಹಾಕಿ ಪಿಎಚ್ (ಹುಳಿ ಅಳತಿ, ಅಂಕಿ ಇಳದಷ್ಟು ಹುಳಿ ಹೆಚ್ಚು) 4ಕ್ಕ ಇಳಿಸಿದ್ರ ಇದೇ ಸ್ಟಾರ್ಟರ್ ಉಳೀತದೋ, ಇಲ್ಲ ಚೆಲ್ಲಿ ಒಣ ಏಲ್ ಯೀಸ್ಟಿಗೆ (ಬಿಯರ್ ಮಾಡೂ ಯೀಸ್ಟ್) ಹೋಗಬೇಕೋ? ಯೀಸ್ಟ್ ಆದ್ರ 2 ಲೀಟರಿಗೆ ಎಷ್ಟು ಗ್ರಾಂ?