ಕೂಸಿನ ಮನೆಗೆ ಬೀಗ ಬಿದ್ದಿದೆ, ಯಾರನ್ನು ಕೇಳಬೇಕು?

ಅಡಿಕೆ ಸೀಮೆ ತಾಯಿ, ಚನ್ನಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿದೆ. ನನಗೆ ಒಂದು ವರ್ಷ ಏಳು ತಿಂಗಳ ಮಗಳಿದ್ದಾಳೆ. ಅತ್ತೆ ಹೋದ ವರ್ಷ ತೀರಿಕೊಂಡರು. ಮಗುವನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇಲ್ಲ. ಗಂಡ ಅಡಿಕೆ ಗೊನೆ ಕೊಯ್ಯಲು ಹೋಗುತ್ತಾರೆ, ನಾನು ಖೇಣಿದಾರರ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರ ಶೆಡ್ಡಿನಲ್ಲಿ ಅಡಿಕೆ ಸುಲಿಯುತ್ತೇನೆ. ಕೆಜಿ ಲೆಕ್ಕದ ಕೂಲಿ. ಕೈ ನಿಂತರೆ ದುಡ್ಡು ನಿಂತಂತೆ.

ಅಡಿಕೆ ಶೆಡ್ಡು ನೋಡಿದವರಿಗೆ ಹೇಳಬೇಕಾಗಿಲ್ಲ. ನಾವು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿರುತ್ತೇವೆ. ಹತ್ತು ಹೆಜ್ಜೆ ಆಚೆ ಹಂಡೆಯಲ್ಲಿ ಅಡಿಕೆ ಕುದಿಯುತ್ತಿರುತ್ತದೆ. ಮಕ್ಕಳು ಸಿಪ್ಪೆ ರಾಶಿ ಮೇಲೆ ಆಡುತ್ತಿರುತ್ತವೆ. ಹೋದ ಸೀಸನ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳ ಕೂಸು ಹಂಡೆಯಿಂದ ತೋಡಿದ ಬಿಸಿ ಅಡಿಕೆಗೆ ಕೈ ಇಟ್ಟಿತು. ದಾವಣಗೆರೆವರೆಗೂ ಕರೆದುಕೊಂಡು ಹೋಗಬೇಕಾಯಿತು. ಗಾಯ ವಾಸಿಯಾಗಿದೆ, ಬೆರಳು ಮಾತ್ರ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ಅಂದಿನಿಂದ ನಾನು ಮಗಳ ಸೊಂಟಕ್ಕೆ ಸೀರೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕಾಲಿಗೆ ಕಟ್ಟಿಕೊಂಡು ಸುಲಿಯುತ್ತಿದ್ದೇನೆ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತದೆ.

ಅಂಗನವಾಡಿಯಲ್ಲಿ ಮೂರು ವರ್ಷ ಆದ ಮೇಲೆ ಕೂರಿಸಿಕೊಳ್ಳುತ್ತಾರೆ. ಚಿಕ್ಕವರಿಗೆ ಪುಷ್ಟಿ ಪೊಟ್ಟಣ ಮನೆಗೆ ಕೊಡುತ್ತಾರೆ. ಟೀಚರ್ ಒಳ್ಳೆಯವರು, ಅವರ ಮೇಲೆ ದೂರಿಲ್ಲ. ಪಂಚಾಯ್ತಿಯವರು ಹಳೇ ಶಾಲೆ ಕೋಣೆಗೆ ಬಣ್ಣ ಹೊಡೆಸಿ, ಕೂಲಿಗೆ ಹೋಗುವವರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ಮಾಡಿದ್ದರು. ಚಾಪೆ, ಆಟದ ಸಾಮಾನು ಎಲ್ಲಾ ಬಂತು. ನಾಲ್ಕು ತಿಂಗಳು ನಡೆಯಿತು. ಆಮೇಲೆ ಬೀಗ. ಕೇಳಿದರೆ, ನೋಡಿಕೊಳ್ಳುವವರ ಕೂಲಿ ದಿನ ಮುಗಿದವು ಅಂದರು. ತಾಲ್ಲೂಕಿನ ಮಕ್ಕಳ ಇಲಾಖೆ ಕಚೇರಿಗೆ ಹೋದರೆ, ಅದು ನಮ್ಮ ಇಲಾಖೆಯದಲ್ಲ, ಪಂಚಾಯ್ತಿಗೆ ಹೋಗಿ ಅಂದರು. ಪಂಚಾಯ್ತಿಯಲ್ಲಿ, ಮಕ್ಕಳ ವಿಷಯ ಅಂದರೆ ಮಕ್ಕಳ ಇಲಾಖೆಯಲ್ಲೇ ಕೇಳಿ ಅಂದರು. ಎರಡು ದಿನದ ಕೂಲಿ ಹೋಯಿತು.

ನಮ್ಮ ಎರಡು ಬೀದಿಯಲ್ಲೇ ಮೂರು ವರ್ಷದೊಳಗಿನ 14 ಮಕ್ಕಳಿವೆ. ಇದಕ್ಕೆ ದುಡ್ಡು ಯಾರದು? ಯಾರಿಗೆ ಬರೆದು ಕೊಟ್ಟರೆ ಕೆಲಸ ಆಗುತ್ತದೆ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಮೇಲ್ವಿಚಾರಕಿ, ಚಿತ್ರದುರ್ಗ

ನೋಡಮ್ಮ, ನಾನು 31 ವರ್ಷ ಇದೇ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿದ್ದೆ. ಕೆಲಸಕ್ಕೆ ಸೇರಿದಾಗ ನಿಮ್ಮ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, 1997ರಲ್ಲಿ ಬೇರೆಯಾಯಿತು. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮನ್ನು ಎರಡು ಬಾಗಿಲಿಗೆ ಓಡಾಡಿಸಿದ್ದು ತಪ್ಪು. ಆದರೆ ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ನಿಜ ಇದೆ. ಕಷ್ಟ ಇರುವುದೇ ಅಲ್ಲಿ.

ಒಂದು ಕೂಸಿನ ಮೇಲೆ ಸರ್ಕಾರ ಹಾಕುವ ದುಡ್ಡು ಒಂದೇ ಚೀಲದಿಂದ ಬರುವುದಿಲ್ಲ. ಅಂಗನವಾಡಿ ಊಟದ ದುಡ್ಡು ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12. ಇದು 2017ರಲ್ಲಿ ಗೊತ್ತುಮಾಡಿದ ದರ, ನಾನು 2022ರಲ್ಲಿ ನಿವೃತ್ತಿಯಾಗುವಾಗಲೂ ಅದೇ ಇತ್ತು. ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಈ ಮೂರೂ ಅಂಗನವಾಡಿಯ ಆರು ಸೇವೆಗಳಲ್ಲೇ ಇವೆ, ಆದರೆ ಮಾಡುವವರು ಆರೋಗ್ಯ ಇಲಾಖೆಯವರು. ಕೂಸಿನ ಮನೆ ಇವೆರಡೂ ಅಲ್ಲ. ಅದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ಅಂತ ಹೇಳಿದ್ದರು. ನೋಡಿಕೊಳ್ಳುವ ಹೆಂಗಸರಿಗೆ ಕೂಲಿ ಬಂದದ್ದು ನರೇಗಾದಿಂದ, ಅಂದರೆ ಉದ್ಯೋಗ ಖಾತ್ರಿ ಯೋಜನೆಯಿಂದ. ಹಾಗಾಗಿ ನೀವು ಹೋಗಬೇಕಾದ ಬಾಗಿಲು ಪಂಚಾಯ್ತಿ. ಅವರು ನಿಮ್ಮನ್ನು ತಾಲ್ಲೂಕಿಗೆ ಕಳಿಸಬಾರದಿತ್ತು.

ಚೀಲ ಬೇರೆ ಬೇರೆ ಆದರೆ ಏನಾಗುತ್ತದೆ ಅಂತ ಒಂದು ಅಂಗನವಾಡಿ ಕಟ್ಟಡ ಕಟ್ಟುವಾಗ ಚೆನ್ನಾಗಿ ಕಲಿತೆ. ಮೂರು ಚೀಲದ ಕಟ್ಟಡ. ಒಂದು ಪಾಲು ನರೇಗಾ, ಒಂದು ಪಾಲು ಹಣಕಾಸು ಆಯೋಗದ ಅನುದಾನ, ಒಂದು ಪಾಲು ನಮ್ಮ ಇಲಾಖೆ. ಗೋಡೆ ಎದ್ದಿತು, ತಾರಸಿ ಬಿತ್ತು. ಕೊನೆಯ ಚೀಲದ್ದು ಬರಲಿಲ್ಲ. ಬಾಗಿಲು, ಶೌಚಾಲಯ ಇಲ್ಲದೆ ಎರಡು ಮಳೆಗಾಲ ನಿಂತಿತು. ಮಕ್ಕಳು ಪಕ್ಕದ ಗುಡಿಯ ಕಟ್ಟೆ ಮೇಲೆ ಅ ಆ ಇ ಈ ಕಲಿತವು. ಯಾರೂ ಕದ್ದಿರಲಿಲ್ಲ. ಎಲ್ಲರೂ ತಮ್ಮ ಪಾಲಿನ ಕಡತ ಸರಿಯಾಗಿಯೇ ಇಟ್ಟಿದ್ದರು.

ಇನ್ನೊಂದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ಎರಡು ವರ್ಷದ ಒಬ್ಬ ಹುಡುಗ. ತೋಳಿಗೆ ಅಳತೆ ಪಟ್ಟಿ ಸುತ್ತಿದರೆ ಕೆಂಪು ಬಣ್ಣ ಬಂತು, ಅಂದರೆ 11.5 ಸೆಂಟಿಮೀಟರ್‌ಗಿಂತ ಕಡಿಮೆ. ಅಂಥ ಮಕ್ಕಳನ್ನು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇಡುತ್ತೇವೆ, ತಾಯಿಯೂ ಜೊತೆಗಿರಬೇಕು. ಟೀಚರ್ ತೂಕ ಬರೆದರು. ಆಶಾ ಚೀಟಿ ಬರೆದರು. ನಾನು ಸಹಿ ಹಾಕಿದೆ. ಹುಡುಗ ಮಾತ್ರ ಮನೆಯಲ್ಲೇ ಇದ್ದ. ಮೂರನೇ ವಾರ ನಾನೇ ಹೋದೆ. ಆ ತಾಯಿ ಕೇಳಿದಳು: "ನಾನು ದುರ್ಗದಲ್ಲಿ ಕೂತರೆ ದೊಡ್ಡ ಮಗಳನ್ನು ಯಾರು ನೋಡ್ತಾರೆ ಮೇಡಂ? ಮೇಕೆ ಯಾರು ಮೇಯಿಸ್ತಾರೆ?" ನಮ್ಮ ಯಾವ ಫಾರಂನಲ್ಲೂ ಆ ಪ್ರಶ್ನೆ ಇರಲಿಲ್ಲ.

ಅವತ್ತು ಟೀಚರ್, ಆಶಾ, ಸ್ತ್ರೀಶಕ್ತಿ ಸಂಘದ ಇಬ್ಬರು, ನಾನು ಅದೇ ಮನೆಯ ಜಗಲಿ ಮೇಲೆ ಕೂತೆವು. ಸಂಘದವರು ಮಗಳನ್ನು ಇಟ್ಟುಕೊಂಡರು. ಮೇಕೆಗಳನ್ನು ಒಬ್ಬ ಅಜ್ಜ ತನ್ನ ಮಂದೆ ಜೊತೆ ಬಿಟ್ಟುಕೊಂಡ. ಮಾರನೇ ದಿನ ಬೆಳಗಿನ ಬಸ್ಸಿಗೆ ತಾಯಿ ಮಗ ಹೊರಟರು. ಇಲಾಖೆಗಳ ಸಮನ್ವಯ ಅಂತ ಸಭೆಗಳಲ್ಲಿ ತುಂಬಾ ಕೇಳಿದ್ದೇನೆ, ನಾನು ಕಣ್ಣಾರೆ ಕಂಡದ್ದು ಆ ಜಗಲಿ ಮೇಲೆ.

ನೀವು ಅರ್ಜಿಯನ್ನು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಹೆಸರಿಗೆ ಬರೆಯಿರಿ. 14 ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿ ಎಷ್ಟು ಗಂಟೆಗೆ ಹೋಗಿ ಎಷ್ಟು ಗಂಟೆಗೆ ಬರುತ್ತಾಳೆ ಅನ್ನುವುದು ಇರಲಿ. ಜಾಬ್ ಕಾರ್ಡ್ ನಂಬರ್ ಸೇರಿಸಿ. ಹಂಡೆ ವಿಷಯವನ್ನು ಮುಚ್ಚಿಡದೆ ಬರೆಯಿರಿ. ಒಂದು ಪ್ರತಿಯನ್ನು ನಮ್ಮ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ, ಇನ್ನೊಂದನ್ನು ತಾಲ್ಲೂಕು ಪಂಚಾಯ್ತಿಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಬಾಯಿ ಮಾತು ಅಲ್ಲೇ ಕರಗಿ ಹೋಗುತ್ತದೆ.

ಪಂಚಾಯ್ತಿ ಸದಸ್ಯೆ, ಹೊಳಲ್ಕೆರೆ ಕಡೆ

ಮೇಡಂ ಹೇಳಿದ್ದು ಸರಿ. ನಮ್ಮಲ್ಲೂ 2024ರಲ್ಲಿ ಇದೇ ತೊಂದರೆ ಬಂದಿತ್ತು. ಆಗ ನರೇಗಾದಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಇತ್ತು. ಹಾಗಾಗಿ ಒಬ್ಬರೇ ವರ್ಷವಿಡೀ ಕೂಸು ನೋಡಲು ಆಗುತ್ತಿರಲಿಲ್ಲ, ತರಬೇತಿ ಆದವರು ಸರದಿ ಮೇಲೆ ಬರಬೇಕಿತ್ತು. ನಾವು ಮೊದಲು ತಪ್ಪು ಮಾಡಿದೆವು. ಒಂದೇ ಸಲ ಇಬ್ಬರನ್ನೂ ಬದಲಾಯಿಸಿದೆವು. ಅವತ್ತು ಮಕ್ಕಳು ಅತ್ತದ್ದು ನೋಡಲಾಗಲಿಲ್ಲ. ಒಂದು ವಾರ ಅರ್ಧಕ್ಕರ್ಧ ತಾಯಂದಿರು ಕಳಿಸಲೇ ಇಲ್ಲ. ದೊಡ್ಡವರಿಗೆ ಅದು ಹಾಜರಿ ಪುಸ್ತಕದ ಹೆಸರು ಅಷ್ಟೇ. ಕೂಸಿಗೆ ಅದು ಮಡಿಲು, ಅಲ್ವಾ? ಆಮೇಲೆ ಒಬ್ಬರನ್ನು ಬದಲಾಯಿಸಿದರೆ ಇನ್ನೊಬ್ಬರು ಹಳಬರೇ ಇರುವಂತೆ ಸರದಿ ಬರೆದು ಗೋಡೆಗೆ ಅಂಟಿಸಿದೆವು. ಅಳು ನಿಂತಿತು.

ಎರಡನೆಯದು ಜಾಗ. ನಮ್ಮದು ಮೊದಲು ಊರಾಚೆಯ ಭವನದಲ್ಲಿತ್ತು. ಅಂಗನವಾಡಿ ಪಕ್ಕದ ಕೋಣೆಗೆ ತಂದೆವು. ಈಗ ತೂಕ ಅಲ್ಲೇ ಆಗುತ್ತದೆ, ಚುಚ್ಚುಮದ್ದಿನ ದಿನ ನರ್ಸಮ್ಮ ಅಲ್ಲಿಗೇ ಬರುತ್ತಾರೆ. ಇದಕ್ಕೆ ಹೆಚ್ಚಿನ ಒಂದು ರೂಪಾಯಿಯೂ ಬೇಕಾಗಲಿಲ್ಲ.

ನಿಮ್ಮಲ್ಲಿ ಒಂದು ಆಕ್ಷೇಪಣೆ ಬರಬಹುದು. ಅಡಿಕೆ ಸುಲಿಯುವುದು ನರೇಗಾ ಕೆಲಸ ಅಲ್ಲ, ಅವರ ಮಕ್ಕಳನ್ನು ಯಾಕೆ ತೆಗೆದುಕೊಳ್ಳಬೇಕು ಅಂತ. ನಮ್ಮಲ್ಲೂ ಒಬ್ಬರು ಹಾಗೆ ಅಂದರು. ಬೇಸಿಗೆಯಲ್ಲಿ ಕೆರೆ ಹೂಳೆತ್ತಲು ಬರುವವಳೂ, ಸೀಸನ್‌ನಲ್ಲಿ ಅಡಿಕೆ ಸುಲಿಯುವವಳೂ ಒಬ್ಬಳೇ ಅಂತ ಸಭೆಯಲ್ಲಿ ಹೇಳಿದೆ. ಎಲ್ಲ ಕೂಲಿಯವರ ಮಕ್ಕಳನ್ನೂ ಸೇರಿಸಿಕೊಂಡೆವು. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಕಾಯ್ದೆಯೇ ಹಾಗಿದೆ. ಅಲ್ಲಿ ತಾಯಂದಿರೆಲ್ಲ ಒಟ್ಟಿಗೆ ಬನ್ನಿ. ಮಕ್ಕಳನ್ನೂ ಎತ್ತಿಕೊಂಡು ಬನ್ನಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.

ಮಂಡಕ್ಕಿ ಭಟ್ಟಿ ಹುಡುಗ, ದಾವಣಗೆರೆ

ನಾನು ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ. ಅಕ್ಷರಶಃ. ಅಮ್ಮ ಭಟ್ಟಿ ಕೆಲಸಕ್ಕೆ ಹೋಗುವಾಗ ನನ್ನನ್ನು ಖಾಲಿ ಚೀಲಗಳ ಮೇಲೆ ಮಲಗಿಸುತ್ತಿದ್ದಳು. ಬಿಸಿ ಮರಳಿನ ವಾಸನೆ, ಹೊಗೆ, ಇವು ನನ್ನ ಮೊದಲ ನೆನಪುಗಳು. ಚನ್ನಗಿರಿ ಅಕ್ಕ ಮಗಳನ್ನು ಸೀರೆಯಿಂದ ಕಾಲಿಗೆ ಕಟ್ಟಿಕೊಂಡ ವಿಷಯ ಬರೆದಿದ್ದನ್ನು ಓದಿ ಅಮ್ಮನಿಗೆ ಫೋನ್ ಮಾಡಿದೆ. ಅವಳೂ ನನ್ನನ್ನು ಹಾಗೇ ಕಟ್ಟುತ್ತಿದ್ದಳಂತೆ, ಕಂಬಕ್ಕೆ.

ಹಳ್ಳಿಯಲ್ಲಿ ಕೂಸಿನ ಮನೆ ಅನ್ನುವ ಹೆಸರಾದರೂ ಇದೆ. ಪಂಚಾಯತ್ ರಾಜ್ ಇಲಾಖೆಯ ಯೋಜನೆಯಾದ್ದರಿಂದ ಅದು ನಗರಕ್ಕೆ ಬರುವುದಿಲ್ಲ. ಕಾರ್ಖಾನೆ ಕಾಯ್ದೆ 1948ರದು. 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಮಾಲೀಕರೇ ಶಿಶುಕೇಂದ್ರ ನಡೆಸಬೇಕು ಅಂತ ಅದರಲ್ಲಿತ್ತು. ಒಂದು ಭಟ್ಟಿಯಲ್ಲಿ ಕೆಲಸ ಮಾಡುವವರು ಬೆರಳೆಣಿಕೆ ಜನ. ಬೀದಿಗೆ ಬೀದಿಯೇ ಭಟ್ಟಿಗಳಿದ್ದರೂ ಒಂದೊಂದೂ ಬೇರೆ ಲೆಕ್ಕ, ಯಾರಿಗೂ ಕಾಯ್ದೆ ಮುಟ್ಟುವುದಿಲ್ಲ. ನಮ್ಮಂಥವರಿಗೆ ದಾರಿ ಏನು ಮೇಡಂ?

ನಿವೃತ್ತ ಮೇಲ್ವಿಚಾರಕಿ, ಚಿತ್ರದುರ್ಗ

ಅಮ್ಮನಿಗೆ ನನ್ನ ನಮಸ್ಕಾರ ಹೇಳಪ್ಪ.

ನಗರಕ್ಕೆ ದಾರಿ ಅಂದರೆ ಪಾಲನಾ ಯೋಜನೆ. ಹಿಂದೆ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಅಂತಿತ್ತು, 2022ರಿಂದ ಮಿಷನ್ ಶಕ್ತಿಯೊಳಗೆ ಪಾಲನಾ ಆಯಿತು. ಅಂಗನವಾಡಿಯಲ್ಲೇ ಶಿಶುಕೇಂದ್ರ ನಡೆಸುವುದು. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. 60 ಪಾಲು ಕೇಂದ್ರ, 40 ಪಾಲು ರಾಜ್ಯ. ಇದು ನಮ್ಮ ಇಲಾಖೆಯದೇ, ಬೇಡಿಕೆಯನ್ನು ಸಿಡಿಪಿಒ ಕಚೇರಿಗೇ ಕೊಡಬೇಕು. ಇರುವ ಟೀಚರ್ ತಲೆಗೇ ಇದನ್ನೂ ಹೊರಿಸಲು ಬಿಡಬೇಡಿ. ಶಿಶುಕೇಂದ್ರಕ್ಕೆ ಬೇರೆ ಕಾರ್ಯಕರ್ತೆ, ಬೇರೆ ಸಹಾಯಕಿ ಅಂತ ಯೋಜನೆಯಲ್ಲೇ ಇದೆ. ಅಂಗನವಾಡಿಯೇ ಇಲ್ಲದ ಬಡಾವಣೆಯಾದರೆ, 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನೆನಪಿಡಿ. ಆರು ವರ್ಷದೊಳಗಿನ 40 ಮಕ್ಕಳಿರುವ ಕಡೆ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು.

ಚನ್ನಗಿರಿ ತಂಗಿಗೆ ಒಂದು ಮಾತು ಬಾಕಿ ಉಳಿಸಿದ್ದೆ. ಸೀಸನ್‌ನಲ್ಲಿ ರಾತ್ರಿ ಹತ್ತರವರೆಗೂ ಸುಲಿಯುತ್ತೀರಿ. ಕೂಸಿನ ಮನೆ ಆ ಹೊತ್ತಿಗೆ ತೆರೆದಿರುವುದಿಲ್ಲ. ಆ ಹೊತ್ತಿನ ಜವಾಬ್ದಾರಿಯನ್ನು ಖೇಣಿದಾರರ ಮುಂದಿಡಿ. ಹಂಡೆಗೆ ಸುತ್ತ ಅಡ್ಡಗಟ್ಟು, ಶೆಡ್ಡಿನಿಂದ ದೂರ ಒಂದು ಕೋಣೆ, ಮಕ್ಕಳನ್ನು ನೋಡಲು ಒಬ್ಬ ಅಜ್ಜಿಗೆ ಕೂಲಿ. ಲಕ್ಷಗಟ್ಟಲೆ ಖೇಣಿ ಹಿಡಿಯುವವರಿಗೆ ಇದು ಭಾರ ಅಲ್ಲ.

ಅಡಿಕೆ ಸೀಮೆ ತಾಯಿ, ಚನ್ನಗಿರಿ ತಾಲ್ಲೂಕು

ಹದಿನೆಂಟು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಅರ್ಜಿ ಬರೆದೆವು. ನಮ್ಮ ಸಂಘದ ಪುಸ್ತಕ ಬರೆಯುವ ಅಕ್ಕ ಅಕ್ಷರ ಚೆನ್ನಾಗಿ ಬರೆಯುತ್ತಾರೆ, ಅವರೇ ಬರೆದರು. ಎಣಿಸಲು ಹೋದಾಗ 14 ಅಲ್ಲ, 17 ಮಕ್ಕಳು ಸಿಕ್ಕವು. ಕ್ಯಾಂಪಿನ ಕಡೆಯ ಮೂರು ಮಕ್ಕಳು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವರ ತಾಯಂದಿರನ್ನು ಯಾರೂ ಯಾವತ್ತೂ ಏನೂ ಕೇಳಿರಲಿಲ್ಲವಂತೆ. ಮೂರು ಪ್ರತಿಗೂ ಮುದ್ರೆ ಹಾಕಿಸಿದೆವು.

ವಾರ್ಡ್ ಸಭೆಗೆ 11 ತಾಯಂದಿರು ಹೋದೆವು, ಮಕ್ಕಳ ಸಮೇತ. ಮೊದಲು ಚರಂಡಿ, ಬೀದಿ ದೀಪದ ಮಾತೇ ನಡೆಯಿತು. ನಮ್ಮ ಸರದಿ ಬರುವಷ್ಟರಲ್ಲಿ ಅರ್ಧ ಮಕ್ಕಳು ನಿದ್ದೆ ಹೋಗಿದ್ದವು. ನನಗೆ ಎದ್ದು ನಿಂತು ಮಾತಾಡಿ ಅಭ್ಯಾಸ ಇಲ್ಲ. ಚಿಕ್ಕಮ್ಮನ ಮಗಳು ತನ್ನ ಕೂಸಿನ ಬೆರಳು ತೋರಿಸಿದಳು. ಆಮೇಲೆ ಯಾರೂ ಆಕ್ಷೇಪಣೆ ತೆಗೆಯಲಿಲ್ಲ. ತರಬೇತಿ ಆದವರಲ್ಲಿ ದಿನ ಉಳಿದಿರುವ ನಾಲ್ವರ ಹೆಸರು ತೆಗೆದರು. ಒಬ್ಬರು ಹಳಬರು ಇರುವಂತೆ ಸರದಿ ಹಾಕಿ ಅಂತ ಹೊಳಲ್ಕೆರೆ ಅಕ್ಕ ಹೇಳಿದ್ದನ್ನೇ ಹೇಳಿದೆ, ಬರೆದುಕೊಂಡರು.

ಖೇಣಿದಾರರು ಕೋಣೆ ಕೊಡಲು ಒಪ್ಪಲಿಲ್ಲ. ಹಂಡೆ ಸುತ್ತ ಜಿಂಕ್ ಶೀಟು ನಿಲ್ಲಿಸಿದ್ದಾರೆ. ಅಜ್ಜಿ ಕೂಲಿ ವಿಷಯ ಮುಂದಿನ ವಾರ ಮತ್ತೆ ಕೇಳುತ್ತೇವೆ, ಎಲ್ಲರೂ ಸೇರಿ.

ನಿನ್ನೆ ಬೀಗ ತೆಗೆದರು. ಎರಡು ಚಾಪೆ ಇಲಿ ಕಡಿದಿದೆ, ಆಟದ ಸಾಮಾನು ಚೆನ್ನಾಗಿದೆ. ನಾಳೆ ಬೆಳಿಗ್ಗೆ ಕೋಣೆ ತೊಳೆಯಲು ಹೋಗುತ್ತಿದ್ದೇವೆ. ತೂಕದ ಯಂತ್ರ ತರುತ್ತೇನೆ ಅಂತ ಅಂಗನವಾಡಿ ಟೀಚರ್ ತಾವಾಗಿಯೇ ಹೇಳಿದರು.